ಪಾನಾ ಹಿಡಿಯುವ ಮೊದಲು ಮೀಟರು ಹಿಡಿ

ಹೊಸ ಬ್ಯಾಟರಿ ತರಲು ಪೇಟೆಗೆ ಹೊರಟು ನಿಂತಿದ್ದೀಯಲ್ಲ ಮಗಾ, ಬೈಕಿನ ಸ್ಟ್ಯಾಂಡು ಒಮ್ಮೆ ಹಾಕು. ಇಲ್ಲಿ ಬಂದು ಕುಳಿತುಕೋ. ಬ್ಯಾಟರಿ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೊಟ್ಟ ದುಡ್ಡು ಮಾತ್ರ ಹೋದದ್ದು ಹೋದಂತೆಯೇ.

ನೀನು ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವವನಿರಬಹುದು. ಗಂಗೊಳ್ಳಿಯಲ್ಲಿ ನಾಡದೋಣಿ ಇಟ್ಟುಕೊಂಡವನಿರಬಹುದು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ನವರನ್ನು ಒಯ್ಯುವವನೂ ಇರಬಹುದು. ಯಾರೇ ಆಗಿರು, ದೋಣಿಯ ಹಿಂದೆ ಸೆಲ್ಫ್ ಸ್ಟಾರ್ಟಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ಮೇಲೆ ನಿಮ್ಮೆಲ್ಲರದೂ ಒಂದೇ ದೂರು: "ಅಜ್ಜಾ, ಬ್ಯಾಟರಿ ಚಾರ್ಜ್ ಆಗ್ತಾ ಇಲ್ಲ."

ಸ್ವಲ್ಪ ತಾಳು. ಚಾರ್ಜ್ ಆಗುತ್ತಿಲ್ಲ ಅನ್ನುವುದು ನಿನ್ನ ಊಹೆ. ನೀನು ಕಣ್ಣಾರೆ ಕಂಡದ್ದು ಇಷ್ಟೇ: ಬೆಳಿಗ್ಗೆ ಕೀ ತಿರುಗಿಸಿದೆ, ಎಂಜಿನ್ 'ಟಕ್' ಅಂದು ಸುಮ್ಮನಾಯಿತು. ಅದಕ್ಕೆ ನಾಲ್ಕು ಕಾರಣ ಇರಬಹುದು. ಎಂಜಿನ್ ಕರೆಂಟು ಕೊಡುತ್ತಿಲ್ಲ. ಅದು ಕೊಟ್ಟರೂ ಬ್ಯಾಟರಿ ಹಿಡಿದಿಟ್ಟುಕೊಳ್ಳುತ್ತಿಲ್ಲ. ಹಿಡಿದಿಟ್ಟುಕೊಂಡದ್ದನ್ನೆಲ್ಲ ನೀನೇ ಖರ್ಚು ಮಾಡುತ್ತಿದ್ದೀಯ. ಇಲ್ಲವೇ ಎಲ್ಲವೂ ಸರಿಯಿದ್ದು ನಡುವೆ ಯಾವುದೋ ಜಾಯಿಂಟು ಕೈಕೊಟ್ಟಿದೆ. ನಾಲ್ಕು ಕಾಯಿಲೆಗೂ ಲಕ್ಷಣ ಒಂದೇ, ಮದ್ದು ಬೇರೆ ಬೇರೆ. ಯಾವುದೆಂದು ಗೊತ್ತಾಗುವ ಮೊದಲೇ ಸಾಮಾನು ಬದಲಿಸಲು ಹೊರಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ನಮ್ಮ ಕಾಲದ ಸೀಮೆಎಣ್ಣೆ ಎಂಜಿನ್‌ಗೆ ಹಗ್ಗವೇ ಸೆಲ್ಫ್. ಹಗ್ಗ ಸುತ್ತಿ ಎಳೆದು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದೆವು. ತೋಳು ನೋಯುತ್ತಿತ್ತು, ಆದರೆ ಬ್ಯಾಟರಿಯ ಗೋಜಿರಲಿಲ್ಲ. ನಿನಗೆ ಸುಖ ಬಂದಿದೆ, ಬರಲಿ. ಆದರೆ ಸುಖ ಕೊಡುವ ಸಾಮಾನಿನ ಮರ್ಜಿ ತಿಳಿದುಕೊಳ್ಳುವುದು ನಿನ್ನ ಕೆಲಸ.

ಮೊದಲು ಕರೆಂಟು ಬರುವ ದಾರಿ ತಲೆಯಲ್ಲಿ ಕೂರಲಿ. ಎಂಜಿನ್ ನೆತ್ತಿಯ ಮೇಲೆ ಫ್ಲೈವೀಲ್ ಇದೆ. ಅದರ ಒಳಸುತ್ತಿನಲ್ಲಿ ಅಯಸ್ಕಾಂತಗಳಿವೆ. ಅದು ತಿರುಗುವಾಗ ಒಳಗೆ ಅಲ್ಲಾಡದೆ ಕುಳಿತ ತಂತಿಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಆ ಸುರುಳಿಯೇ ಸ್ಟೇಟರ್. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವ ಇದು. ಹೈಸ್ಕೂಲಿನಲ್ಲಿ ನೀನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಸಂಜೆಯೇ ಮರೆತೆಯಲ್ಲ, ಅದೇ. ಅಲ್ಲಿ ಹುಟ್ಟುವುದು ಎ.ಸಿ. ಬ್ಯಾಟರಿಗೆ ಬೇಕಾದದ್ದು ಡಿ.ಸಿ. ನಡುವೆ ನಿಂತು ಬದಲಿಸಿ ಕೊಡುವುದು ರೆಕ್ಟಿಫೈಯರ್. ವೋಲ್ಟೇಜು ಮಿತಿ ಮೀರದಂತೆ ತಡೆಯುವುದು ರೆಗ್ಯುಲೇಟರ್. ಈಗಿನ ಎಂಜಿನ್‌ಗಳಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿರುತ್ತವೆ. ಅಲ್ಲಿಂದ ಕೆಂಪು ವಯರು ಫ್ಯೂಸ್ ದಾಟಿ ಸೆಲ್ಫ್‌ನ ರಿಲೇಗೆ ಬಂದು, ದಪ್ಪ ಕೇಬಲ್ಲಿನಲ್ಲಿ ಬ್ಯಾಟರಿ ಸೇರುತ್ತದೆ. ವಾಪಸು ದಾರಿ ಕಪ್ಪು ಕೇಬಲ್ಲು ಮತ್ತು ಎಂಜಿನ್ ಬಾಡಿ. ಇಷ್ಟೇ ದಾರಿ. ಎಲ್ಲೋ ಒಂದು ಕಡೆ ಅದು ಕಡಿದಿದೆ ಅಥವಾ ಸೋರುತ್ತಿದೆ.

ಈ ದಾರಿಯನ್ನು ನೀನು ಬ್ಯಾಟರಿಯ ಕಡೆಯಿಂದ ನಡೆಯಬೇಕು. ನೀವು ಹುಡುಗರು ನೇರವಾಗಿ ಮೇಲಿನ ಮುಚ್ಚಳ ಬಿಚ್ಚಿ ಫ್ಲೈವೀಲಿಗೇ ಕೈ ಹಾಕುತ್ತೀರಿ. ಅಲ್ಲಿರುವುದು ದುಬಾರಿ ಸಾಮಾನು, ಮತ್ತು ಕೆಡುವುದೂ ಅಪರೂಪ. ದಿನಾ ಕೆಡುವುದು ಕೈಗೆ ಎಟುಕುವಲ್ಲೇ ಇದೆ. ನಟ್ಟು, ಕೇಬಲ್ಲಿನ ತುದಿಯ ಲಗ್ಗು, ಫ್ಯೂಸು, ಬ್ಯಾಟರಿಯ ನೀರು. ಅಗ್ಗದ್ದರಿಂದ ತೊಡಗು, ದುಬಾರಿಯದ್ದನ್ನು ಕೊನೆಗಿಟ್ಟುಕೋ.

ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡುಕೋ. ಹೊಸ ಬ್ಯಾಟರಿಯ ಬೆಲೆಯಲ್ಲಿ ಅದು ಒಂದು ಚೂರು. ಒಣ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಟ್ಟಿರು.

ಮೊದಲ ಅಳತೆ ಬ್ಯಾಟರಿಯದು, ಅದೂ ವಿಶ್ರಾಂತಿಯಲ್ಲಿದ್ದಾಗ. ಎಂಜಿನ್ ನಿಲ್ಲಿಸಿ, ಲೈಟು-ಗೀಟೆಲ್ಲ ಆರಿಸಿ, ಕೆಲವು ಗಂಟೆ ಬಿಟ್ಟು ನೋಡು. ದಕ್ಕೆಗೆ ಬಂದ ಕೂಡಲೇ ನೋಡಿದರೆ ಸುಳ್ಳು ಹೇಳುತ್ತದೆ. ಮೇಲುಮೇಲಿನ ಚಾರ್ಜು ಅಂಕಿಯನ್ನು ಉಬ್ಬಿಸಿ ತೋರಿಸುತ್ತದೆ. ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಅಥವಾ ತುಸು ಮೇಲೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಇಳಿದರೆ ಕಾಲು ಭಾಗ ಉಳಿದಿದೆ ಅಷ್ಟೇ. "ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸ್ತಾ ಇದೆ, ಸರಿ ಇದೆಯಲ್ಲ?" ಅಂತ ನೀನು ಕೇಳುತ್ತೀಯ ಎಂದು ನನಗೆ ಗೊತ್ತು. ಸರಿ ಇಲ್ಲ ಮಾರಾಯ, ಅದು ಹೆಚ್ಚುಕಡಿಮೆ ಖಾಲಿ.

ಆಮೇಲೆ ಅದನ್ನು ದೋಣಿಯಿಂದ ಇಳಿಸಿ ರಾತ್ರಿಯಿಡೀ ಹೊರಗಿನ ಚಾರ್ಜರಿನಲ್ಲಿ ತುಂಬಿಸು. ಗಾಳಿಯಾಡುವ ಜಾಗದಲ್ಲಿ ಇಡು. ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಹತ್ತಿರ ಬೀಡಿ-ಬೆಂಕಿ ಬೇಡ. ಬೆಳಿಗ್ಗೆ ಚಾರ್ಜರ್ ತೆಗೆದು ಮಧ್ಯಾಹ್ನ ನೋಡು. 12.6 ಹಿಡಿದು ನಿಂತಿದ್ದರೆ ಬ್ಯಾಟರಿಗೆ ಜೀವ ಇದೆ. 12.2ಕ್ಕೆ ಜಾರಿದ್ದರೆ ತಪ್ಪು ಎಂಜಿನ್ನದಲ್ಲ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಗ್ರಾವಿಟಿ ನೋಡು. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ 1.265ರ ಆಸುಪಾಸು ಬರಬೇಕು. ಆರು ಸೆಲ್ಲಿನಲ್ಲಿ ಐದು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ಲು ಸತ್ತಿದೆ. ಅಂಥ ಬ್ಯಾಟರಿಗೆ ಯಾವ ಎಂಜಿನ್ನೂ ಚಾರ್ಜು ತುಂಬಲಾರದು. ಆಗ ಪೇಟೆಗೆ ಹೋಗು, ನಾನೇ ಕಳಿಸುತ್ತೇನೆ.

ಕೊನೆಗೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ ಮೇಲೆಯೇ ಮೀಟರಿನ ಮೊನೆ ಇಟ್ಟು ನೋಡು. ತುಂಬಿದ, ಗಟ್ಟಿ ಬ್ಯಾಟರಿ 10 ವೋಲ್ಟಿನ ಮೇಲೆ ನಿಲ್ಲಬೇಕು. ಅದಕ್ಕಿಂತ ಕೆಳಗೆ ಕುಸಿದರೆ ಅದಕ್ಕೆ ಶಕ್ತಿ ಉಳಿದಿಲ್ಲ.

ಬ್ಯಾಟರಿ ಪಾಸಾಯಿತು ಅನ್ನು. ಈಗ ಜಾಯಿಂಟುಗಳಿಗೆ ಬಾ. ಇಲ್ಲಿ ಮಾತ್ರ ಅವಸರ ಮಾಡಬೇಡ, ನಮ್ಮ ಕರಾವಳಿಯಲ್ಲಿ ಹೆಚ್ಚಿನ ಕಳ್ಳರು ಸಿಕ್ಕಿಬೀಳುವುದು ಇಲ್ಲೇ. ಉಪ್ಪುಗಾಳಿಗೆ ತಾಮ್ರವೂ ಒಂದೇ, ಸೀಸವೂ ಒಂದೇ. ಕಂಬದ ಸುತ್ತ ಬಿಳಿ-ನೀಲಿ ಪುಡಿ ಕೂತಿದ್ದರೆ ಅದು ಕರೆಂಟಿಗೆ ಕಟ್ಟಿದ ಗೋಡೆ. ನೆಗೆಟಿವ್ ಮೊದಲು ಬಿಚ್ಚು, ಪಾಸಿಟಿವ್ ಆಮೇಲೆ. ಜೋಡಿಸುವಾಗ ತಿರುವುಮುರುವು, ನೆಗೆಟಿವ್ ಕೊನೆಗೆ. ಬೆರಳಿನ ಉಂಗುರ, ಕೈಯ ಚೈನು ತೆಗೆದಿಡು. ಅಡುಗೆ ಸೋಡಾ ಕಲಸಿದ ನೀರು ಹಾಕಿ ಬ್ರಷ್ಷಿನಿಂದ ತಿಕ್ಕು, ಒಳ್ಳೆ ನೀರಲ್ಲಿ ತೊಳೆ, ಒರೆಸು. ಸೋಡಾ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳ ಭದ್ರವಾಗಿರಲಿ. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರು. ಚಿಟ್ಟೆ ನಟ್ಟು ಹಾಕಿದ್ದೀಯಾದರೆ ತೆಗೆದುಹಾಕು. ಅಲೆಯ ಹೊಡೆತಕ್ಕೆ ಅದು ತಾನಾಗಿ ಸಡಿಲವಾಗುತ್ತದೆ. ಲಾಕ್ ನಟ್ಟು ಹಾಕಿ ಪಾನಾದಿಂದ ಬಿಗಿ. ಒಂದೇ ಕಂಬಕ್ಕೆ ಹತ್ತು ವಯರು ಪೋಣಿಸುವ ಅಭ್ಯಾಸ ಬಿಡು. ಎಂಜಿನ್ನಿನ ದಪ್ಪ ಕೇಬಲ್ಲು ಸೀಸಕ್ಕೆ ತಾಗಿ ಕೆಳಗೆ ಕೂರಬೇಕು, ಉಳಿದ ಸಣ್ಣದೆಲ್ಲ ಅದರ ಮೇಲೆ.

ಕಾಸರಕೋಡಿನ ಕಡೆಯ ಹುಡುಗನೊಬ್ಬ ಒಂದೇ ಸೀಸನ್ನಿನಲ್ಲಿ ಎರಡು ಬ್ಯಾಟರಿ ಬದಲಿಸಿ, ರೆಕ್ಟಿಫೈಯರನ್ನೂ ಹೊಸದು ಹಾಕಿಸಿದ. ಕಾಯಿಲೆ ಅಲ್ಲೇ ಇತ್ತು. ದೋಣಿ ಮಾತ್ರ ಕನ್ನಡಿಯಂತೆ ಇಟ್ಟಿದ್ದ, ಕೇಬಲ್ಲಿನ ಹೊರಮೈ ಒರೆಸಿ ಒರೆಸಿ ಹೊಳೆಯುತ್ತಿತ್ತು. ನಾನು ಕಪ್ಪು ಕೇಬಲ್ಲಿನ ಎಂಜಿನ್ ಕಡೆಯ ತುದಿಯನ್ನು ಹಿಡಿದು ಮೆಲ್ಲಗೆ ಬಗ್ಗಿಸಿದೆ. ಲಗ್ಗಿನ ಬುಡದಲ್ಲಿ ಕರಕರ ಸದ್ದು. ಚಾಕುವಿನಿಂದ ಎರಡಂಗುಲ ಪ್ಲಾಸ್ಟಿಕ್ ಸೀಳಿದರೆ ಒಳಗೆ ಹಸಿರು ಕಿಲುಬಿನ ಪುಡಿ ಉದುರಿತು. ಎಳೆಗಳೆಲ್ಲ ಕಪ್ಪಾಗಿ ಮುರಿದಿದ್ದವು. ನಡುವೆ ನಾಲ್ಕಾರು ಎಳೆ ಮಾತ್ರ ತಾಮ್ರದ ಬಣ್ಣ ಉಳಿಸಿಕೊಂಡಿದ್ದವು. ಇಡೀ ದೋಣಿಯ ಕರೆಂಟು ಆ ನಾಲ್ಕಾರು ಎಳೆಯ ಮೇಲೆ ನಡೆಯುತ್ತಿತ್ತು. ಕೆಟ್ಟ ಭಾಗ ಕತ್ತರಿಸಿ, ಒಳಗಿನ ಒಳ್ಳೆ ತಾಮ್ರದ ತನಕ ಹೋಗಿ ಹೊಸ ಲಗ್ಗು ಒತ್ತಿಸಿದೆವು. ಅಂದಿನಿಂದ ಎಂಜಿನ್ ಒಂದೇ ಹೊಡೆತಕ್ಕೆ ಏಳುತ್ತಿದೆ.

ಹಾಗಾಗಿ ಹೊರಗಿನ ಹೊಳಪು ನಂಬಬೇಡ. ಪ್ರತಿ ಲಗ್ಗನ್ನೂ ಹಿಡಿದು ಎಳೆ, ಬಗ್ಗಿಸು. ಕೇಬಲ್ಲು ಬದಲಿಸುವಾಗ ತವರ ಲೇಪಿಸಿದ ತಾಮ್ರದ್ದನ್ನೇ ಕೇಳಿ ತಾ. ಬೆಲೆ ಹೆಚ್ಚು, ಆದರೆ ಉಪ್ಪಿಗೆ ಬೇಗ ಬಗ್ಗುವುದಿಲ್ಲ. ಲಗ್ಗಿನ ಬುಡವನ್ನು ಬಿಸಿಗೆ ಕುಗ್ಗುವ ತೋಳಿನಿಂದ ಮುಚ್ಚು. ಸುಮ್ಮನೆ ಇನ್ಸುಲೇಷನ್ ಟೇಪು ಸುತ್ತಿದರೆ ನೀರು ಒಳಗೇ ಕೂರುತ್ತದೆ.

ಕಣ್ಣಿಗೆ ಕಾಣದ ಕೆಟ್ಟ ಜಾಯಿಂಟನ್ನು ಮೀಟರಿನಲ್ಲಿ ಹಿಡಿಯುವ ಒಂದು ಉಪಾಯ ಇದೆ, ಕಲಿತುಕೋ. ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. ಗೇರು ನ್ಯೂಟ್ರಲ್. ಜೊತೆಯವನಿಗೆ ಸೆಲ್ಫ್ ಹೊಡೆಯಲು ಹೇಳು. ಎರಡೂ ಒಂದೇ ತಂತಿಯ ಎರಡು ತುದಿ, ಆದ್ದರಿಂದ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ದಾರಿಯಲ್ಲಿ ಎಲ್ಲೋ ಕರೆಂಟು ತಿಣುಕುತ್ತಿದೆ. ಕೆಂಪು ಕೇಬಲ್ಲಿಗೂ ಹೀಗೇ ಮಾಡು, ಬ್ಯಾಟರಿಯ ಪಾಸಿಟಿವ್‌ನಿಂದ ಸೆಲ್ಫ್ ಮೋಟಾರಿನ ಪಾಸಿಟಿವ್‌ಗೆ. ಹೊಡೆದ ಬೆನ್ನಿಗೇ ಜಾಯಿಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡು. ಬಿಸಿಯಾದದ್ದೇ ಕಳ್ಳ.

ಇದೆಲ್ಲ ಮುಗಿದ ಮೇಲೆ ಎಂಜಿನ್ ನಡೆಸಿ ಅಳೆ. ಪ್ರೊಪೆಲ್ಲರ್ ಭಾಗ ನೀರಲ್ಲಿರಲಿ. ದಡದ ಮೇಲೆ ಒಣಗಾಲಿನಲ್ಲಿ ಓಡಿಸಿದರೆ ನೀರೆತ್ತುವ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿಗೇ ಸುಟ್ಟು, ಹೊಸದೊಂದು ಕಾಯಿಲೆ ಹುಟ್ಟುತ್ತದೆ. ತಿರುಗುವ ಫ್ಲೈವೀಲಿನ ಹತ್ತಿರ ಸಡಿಲ ಅಂಗಿ, ಕೊರಳಿನ ಸರ, ಟವೆಲ್ಲು ಯಾವುದೂ ಬೇಡ. ಮೊದಲು ಐಡಲಿನಲ್ಲಿ ಬ್ಯಾಟರಿಯ ಮೇಲೆ ವೋಲ್ಟು ನೋಡು. ಆಮೇಲೆ ದೋಣಿಯನ್ನು ದಕ್ಕೆಗೆ ಭದ್ರವಾಗಿ ಕಟ್ಟಿ, ಇಲ್ಲವೇ ನೀರಿಗೆ ಇಳಿದು ಓಡಿಸುತ್ತಾ, 2,500 ಆರ್‌ಪಿಎಂ ಹತ್ತಿರ ನೋಡು.

ಮೂರರಲ್ಲಿ ಒಂದು ಕಾಣುತ್ತದೆ. 13.5ರಿಂದ 14.5ರ ಒಳಗೆ ಏರಿ ನಿಂತರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಅದನ್ನು ಬೈಯಬೇಡ. 12.4ರಲ್ಲೇ ಕೂತಿದ್ದು ಎಷ್ಟು ಥ್ರಾಟಲ್ ಕೊಟ್ಟರೂ ಏರದಿದ್ದರೆ ಚಾರ್ಜು ಬರುತ್ತಿಲ್ಲ. 15 ದಾಟಿ ಏರುತ್ತಿದ್ದರೆ ಕಡಿವಾಣ ಕಡಿದಿದೆ, ರೆಗ್ಯುಲೇಟರ್ ಹೋಗಿದೆ. ಈ ಮೂರನೆಯದನ್ನು ಯಾರೂ ಕಾಯಿಲೆಯೆಂದು ಎಣಿಸುವುದೇ ಇಲ್ಲ, ಜೋರಾಗಿ ಚಾರ್ಜ್ ಆಗುತ್ತಿದೆ ಎಂದು ಖುಷಿಪಡುತ್ತಾರೆ. ಅದರಲ್ಲಿ ಬ್ಯಾಟರಿಯ ನೀರು ಪದೇ ಪದೇ ಬತ್ತುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಡಬ್ಬಿಯ ಪಕ್ಕೆ ಉಬ್ಬುತ್ತದೆ. ಕೆಲವು ಹಳೆಯ ಸಣ್ಣ ಎಂಜಿನ್‌ಗಳಲ್ಲಿ ರೆಗ್ಯುಲೇಟರೇ ಇರುವುದಿಲ್ಲ, ರೆಕ್ಟಿಫೈಯರ್ ಮಾತ್ರ. ಅವು ದೂರದ ಓಟದಲ್ಲಿ ಬ್ಯಾಟರಿಯನ್ನು ಕುದಿಸಿಬಿಡುತ್ತವೆ. ನಿನ್ನದು ಯಾವುದೆಂದು ಎಂಜಿನ್ನಿನ ಪುಸ್ತಕ ತೆರೆದು ನೋಡು. ಪ್ಲಾಸ್ಟಿಕ್ ಕವರು ಹರಿಯದೆ ಅಟ್ಟದಲ್ಲಿಟ್ಟಿದ್ದೀಯಲ್ಲ, ಅದೇ ಪುಸ್ತಕ.

ವೋಲ್ಟು ಏರದಿದ್ದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆ. ಮೊದಲು ಫ್ಯೂಸು. ಅನೇಕ ಎಂಜಿನ್‌ಗಳಲ್ಲಿ ಅದು ಮೇಲಿನ ಮುಚ್ಚಳದ ಒಳಗೇ ಇರುತ್ತದೆ. ಕಣ್ಣಿಗೆ ಸರಿಯಿದೆ ಅನ್ನಿಸಿದರೂ ತೆಗೆದು ಮೀಟರಿನಲ್ಲಿ ನೋಡು, ಅದರ ಕಾಲು ಕೂರುವ ಜಾಗದಲ್ಲೂ ಕಿಲುಬು ಹುಡುಕು. ಆಮೇಲೆ ರೆಕ್ಟಿಫೈಯರಿನಿಂದ ಹೊರಡುವ ಕೆಂಪು ವಯರಿನಲ್ಲಿ ವೋಲ್ಟು ನೋಡು. ಅಲ್ಲಿ ಹೆಚ್ಚಿದ್ದು ಬ್ಯಾಟರಿಯಲ್ಲಿ ಕಡಿಮೆ ಇದ್ದರೆ ನಡುವಿನ ವಯರೋ ಕನೆಕ್ಟರೋ ಕಡಿದಿದೆ. ಎರಡೂ ಕಡೆ ಕಡಿಮೆ ಇದ್ದರೆ ಇನ್ನೂ ಹಿಂದೆ ಹೋಗು. ಎಂಜಿನ್ ನಿಲ್ಲಿಸಿ ಸ್ಟೇಟರಿನಿಂದ ಬರುವ ಎರಡು ವಯರನ್ನು ರೆಕ್ಟಿಫೈಯರಿನಿಂದ ಬಿಡಿಸು. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಯಮಾಹಾದಲ್ಲಿ ಹಸಿರು, ಮರ್ಕ್ಯುರಿಯಲ್ಲಿ ಹಳದಿ. ಮೀಟರನ್ನು ಓಮ್‌ಗೆ ತಿರುಗಿಸು. ಎರಡು ವಯರಿನ ನಡುವೆ ತೀರಾ ಕಡಿಮೆ ಓಮ್ ಬರಬೇಕು. ವಯರಿಗೂ ಎಂಜಿನ್ ಬಾಡಿಗೂ ನಡುವೆ ಏನೂ ಸಂಪರ್ಕ ಇರಬಾರದು. ಇದ್ದರೆ ಸುರುಳಿ ಒಳಗೇ ಸುಟ್ಟು ಬಾಡಿಗೆ ತಾಗಿದೆ. ಎಂಜಿನ್ ನಡೆಸಿ ಎ.ಸಿ. ವೋಲ್ಟು ನೋಡುವುದಾದರೆ, ವೇಗದ ಜೊತೆ ಅಂಕಿ ಏರುತ್ತಾ ಹೋಗಬೇಕು. ಎಷ್ಟು ಬರಬೇಕೆಂದು ಆಯಾ ಎಂಜಿನ್ನಿನ ಸರ್ವಿಸ್ ಪುಸ್ತಕ ಹೇಳುತ್ತದೆ. ಎ.ಸಿ. ಚೆನ್ನಾಗಿ ಬಂದು ಡಿ.ಸಿ. ಬಾರದಿದ್ದರೆ ರೆಕ್ಟಿಫೈಯರ್ ಹೋಗಿದೆ. ಎ.ಸಿ.ಯೇ ಇಲ್ಲದಿದ್ದರೆ ಸ್ಟೇಟರ್.

ಇನ್ನೊಂದು ಸುಳಿವು. ಅನೇಕ ಔಟ್‌ಬೋರ್ಡ್‌ಗಳಲ್ಲಿ ಆರ್‌ಪಿಎಂ ಮೀಟರಿಗೆ ಸಿಗ್ನಲ್ ಹೋಗುವುದು ಇದೇ ಚಾರ್ಜಿಂಗ್ ಸುರುಳಿಯಿಂದ. ಚಾರ್ಜು ನಿಂತ ದಿನವೇ ಆ ಮುಳ್ಳೂ ಮಲಗಿದ್ದರೆ ಸ್ಟೇಟರ್ ಅಥವಾ ರೆಕ್ಟಿಫೈಯರಿನ ಕಡೆಗೆ ಅನುಮಾನ ತಿರುಗಲಿ. ಇಂಥ ಸಣ್ಣ ಸಂಗತಿಯನ್ನು ಗಮನಿಸಿ ನೆನಪಿಟ್ಟುಕೊಂಡವನು ಅರ್ಧ ಮೆಕ್ಯಾನಿಕ್.

ಈಗ ಲೆಕ್ಕಕ್ಕೆ ಬಾ. ಬ್ಯಾಟರಿ ಅಂದರೆ ಮನೆಯ ಅಕ್ಕಿ ಡಬ್ಬಿ ಇದ್ದ ಹಾಗೆ. ತಂದು ಸುರಿಯುವವರು ಒಬ್ಬರು, ತೆಗೆದು ಬೇಯಿಸುವವರು ಹಲವರು. ನೀನು ಸೆಲ್ಫನ್ನೇ ಬೈಯುತ್ತೀಯ, ಪದೇ ಪದೇ ಸ್ಟಾರ್ಟ್ ಮಾಡಿ ಬ್ಯಾಟರಿ ಇಳಿಯಿತು ಅನ್ನುತ್ತೀಯ. ಲೆಕ್ಕ ಹಾಕೋಣ. ಸೆಲ್ಫ್ 150 ಆಂಪಿಯರ್ ಎಳೆದರೂ ಮೂರು ಸೆಕೆಂಡಿಗೆ ಖರ್ಚಾಗುವುದು ಸುಮಾರು 0.125 ಆಂಪಿಯರ್-ಗಂಟೆ. ಏನೂ ಅಲ್ಲ. ಇನ್ನು ನಿನ್ನ ಮೋಜಿನ ಲೆಕ್ಕ ತೆಗೆ. ಹಾಡಿನ ಪೆಟ್ಟಿಗೆಗೆ 4 ಆಂಪಿಯರ್ ಅನ್ನು, ಬಣ್ಣದ ಲೈಟಿಗೆ 2, ಪ್ರವಾಸಿಗರ ಮೊಬೈಲುಗಳಿಗೆ 2, ಜಿಪಿಎಸ್‌ಗೆ 1. ಒಟ್ಟು 9. ಕಾಂಡ್ಲಾ ಗಿಡಗಳ ನಡುವೆ ಹಕ್ಕಿ ತೋರಿಸುತ್ತಾ ಐಡಲಿನಲ್ಲೇ ಸಾಗುತ್ತೀಯ. ಸಣ್ಣ ಎಂಜಿನ್ 6 ಆಂಪಿಯರ್ ಕೊಡುತ್ತದೆ ಎಂದು ಪುಸ್ತಕದಲ್ಲಿ ಬರೆದದ್ದು ಜೋರು ಓಟಕ್ಕೆ. ಐಡಲಿನಲ್ಲಿ 2 ಬಂದರೆ ಪುಣ್ಯ. ಗಂಟೆಗೆ 7ರಂತೆ ಐದು ಗಂಟೆಯಲ್ಲಿ 35 ಹೋಯಿತು. 60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಎಲ್ಲಾ ಸಾಮಾನೂ ಸರಿಯಿದೆ, ಆದರೂ ಮರುದಿನ ಬೆಳಿಗ್ಗೆ 'ಟಕ್'. ಇದಕ್ಕೆ ಯಾವ ಮೆಕ್ಯಾನಿಕ್ಕೂ ಬೇಡ. ಹಾಡಿಗೆ, ಲೈಟಿಗೆ ಬೇರೆಯೇ ಬ್ಯಾಟರಿ ಇಟ್ಟು ಮನೆಯಲ್ಲಿ ಚಾರ್ಜ್ ಮಾಡಿಕೊ. ಸೆಲ್ಫಿನ ಬ್ಯಾಟರಿ ಸೆಲ್ಫಿಗೇ ಮೀಸಲಿರಲಿ.

ಮನೆಯ ಇನ್ವರ್ಟರಿನ 150 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿ ತಂದು ದೋಣಿಗೆ ಇಳಿಸುವ ಐಡಿಯಾ ಕೂಡ ನಿನ್ನ ತಲೆಯಲ್ಲಿ ಸುಳಿದಿದೆ, ನಿನ್ನ ಮುಖ ನೋಡಿದರೇ ತಿಳಿಯುತ್ತದೆ. ಅದು ಅರ್ಧ ಖಾಲಿಯಾದರೆ 75 ತುಂಬಿಸಬೇಕು. ನಿನ್ನ ಎಂಜಿನ್ ಪೂರ್ತಿ ವೇಗದಲ್ಲಿ ಹನ್ನೆರಡು ಗಂಟೆಗೂ ಮೇಲೆ ಓಡಬೇಕಾಗುತ್ತದೆ. ದಿನಾ ಅರೆಹೊಟ್ಟೆಯಲ್ಲಿ ಇದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಬೇಗ ಸಾಯುತ್ತದೆ. ಇನ್ನು ಹಗುರ ಎಂದು ಲಿಥಿಯಂ ಹಾಕುವ ಆಸೆಯಿದ್ದರೆ ಮೊದಲು ಎಂಜಿನ್ ಕಂಪನಿ ಒಪ್ಪುತ್ತದೆಯೇ ಎಂದು ಪುಸ್ತಕದಲ್ಲಿ ನೋಡು. ಲಿಥಿಯಂ ಬ್ಯಾಟರಿ ಎಷ್ಟು ಕೊಟ್ಟರೂ ಎಳೆದುಕೊಂಡು ಸ್ಟೇಟರನ್ನು ಬಿಸಿ ಮಾಡುತ್ತದೆ. ತುಂಬಿದ ಕೂಡಲೇ ಒಳಗಿನ ರಕ್ಷಣಾ ಸರ್ಕ್ಯೂಟು ಸಂಪರ್ಕ ಕಡಿದರೆ ರೆಕ್ಟಿಫೈಯರಿಗೆ ಪೆಟ್ಟು.

ಎಂಜಿನ್ ನಿಂತಿರುವಾಗಲೂ ಕದಿಯುವವರಿದ್ದಾರೆ. ಎಲ್ಲಾ ಸ್ವಿಚ್ಚು ಆರಿಸಿ, ನೆಗೆಟಿವ್ ಕೇಬಲ್ಲು ಬಿಚ್ಚಿ, ಮೀಟರನ್ನು 10 ಆಂಪಿಯರಿಗೆ ಇಟ್ಟು ಕಂಬಕ್ಕೂ ಕೇಬಲ್ಲಿಗೂ ನಡುವೆ ಹಿಡಿ. ಆಗ ಕೀ ಮಾತ್ರ ಮುಟ್ಟಬೇಡ, ಸೆಲ್ಫ್ ಎಳೆದರೆ ಮೀಟರಿನ ಫ್ಯೂಸು ಹಾರುತ್ತದೆ. ಅರ್ಧ ಆಂಪಿಯರ್ ಕಂಡಿತು ಅನ್ನು. ಸಣ್ಣದು ಎಂದು ಬಿಡಬೇಡ, ದಿನಕ್ಕೆ 12 ಆಂಪಿಯರ್-ಗಂಟೆ ಆಯಿತು. 60ರ ಬ್ಯಾಟರಿ ಐದು ದಿನಕ್ಕೆ ಬರಿದು. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಅಲ್ಲಿದೆ ಸೋರಿಕೆ. ದೋಣಿಯ ತಳದ ನೀರೆತ್ತುವ ಪಂಪಿನ ಫ್ಲೋಟ್ ಸ್ವಿಚ್ಚು ಸಿಕ್ಕಿಹಾಕಿಕೊಂಡಿರಬಹುದು. ರೆಕ್ಟಿಫೈಯರಿನ ಡಯೋಡ್ ಸೋರುತ್ತಿರಬಹುದು.

ಮೂರು ಕೆಲಸ ಯಾವತ್ತೂ ಮಾಡಬೇಡ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ಲು ಬಿಚ್ಚಬೇಡ, ಮೇನ್ ಸ್ವಿಚ್ಚನ್ನೂ ಆಫ್ ಮಾಡಬೇಡ. ಹಳೆ ಕಾಲದ ಗ್ಯಾರೇಜಿನವರು ಡೈನಮೋ ಪರೀಕ್ಷೆಗೆ ಹಾಗೆ ಮಾಡುತ್ತಿದ್ದರು. ನಿನ್ನ ಎಂಜಿನ್ನಿನಲ್ಲಿ ಮಾಡಿದರೆ ವೋಲ್ಟೇಜು ಒಮ್ಮೆಲೇ ಹಾರಿ ರೆಕ್ಟಿಫೈಯರ್ ಸುಡುತ್ತದೆ. ಕೆಂಪು-ಕಪ್ಪು ಅದಲುಬದಲು ಮಾಡಬೇಡ, ಒಂದು ಕ್ಷಣದ ತಾಗುವಿಕೆಗೇ ಡಯೋಡ್ ಹೋಗುತ್ತದೆ. ಬ್ಯಾಟರಿಗೆ ಬಾವಿ ನೀರು, ನಳದ ನೀರು ಹಾಕಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ. ಸಮುದ್ರದ ನೀರಂತೂ ಒಳಗೆ ಸೇರಲೇಬಾರದು, ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಅದಕ್ಕೇ ಬ್ಯಾಟರಿಯನ್ನು ತಳದಲ್ಲಿ ಬಿಡದೆ ಎತ್ತರದ ಪೆಟ್ಟಿಗೆಯಲ್ಲಿ ಬೆಲ್ಟು ಬಿಗಿದು ಇಡು.

ಮಳೆಗಾಲದ ಮಾತೂ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿಗೆ ಕಡಲೂ ಯಾರ ಮಾತೂ ಕೇಳುವುದಿಲ್ಲ. ದೋಣಿ ಮೇಲೆಳೆದು ತಟ್ಟಿ ಹೊದಿಸುವಾಗ ಎಲ್ಲರಿಗೂ ಬಲೆಯ ನೆನಪು, ಬ್ಯಾಟರಿಯ ನೆನಪು ಯಾರಿಗೂ ಇಲ್ಲ. ಆಗಸ್ಟಿನಲ್ಲಿ ಬಂದು ಕೀ ತಿರುಗಿಸಿ 'ಮೊನ್ನೆವರೆಗೆ ಸರಿಯಿತ್ತು' ಅನ್ನುತ್ತಾರೆ. ಬ್ಯಾಟರಿ ಸುಮ್ಮನೆ ಕೂತರೂ ಇಳಿಯುತ್ತದೆ, ಸೆಕೆಗೆ ಇನ್ನೂ ಬೇಗ. ಮನೆಗೆ ತಂದು, ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕು. ನೆಲದ ಮೇಲಿಟ್ಟರೆ ಇಳಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಹಳೆಯ ಕಾಲದ ಡಬ್ಬಿಗಳಿಗೆ ಸರಿ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದ ಭಯವಿಲ್ಲ. ನಮ್ಮ ಮಾತನ್ನೂ ಕುರುಡಾಗಿ ನಂಬಬೇಡ, ಅಳೆದು ನಂಬು.

ಒಂದು ನೋಟ್‌ಬುಕ್ ಇಡು. ಎಂಜಿನ್ ಚೆನ್ನಾಗಿರುವ ದಿನವೇ ಅಂಕಿಗಳನ್ನು ಬರೆದಿಡು: ನಿಂತಾಗ ಎಷ್ಟು, ಐಡಲಿನಲ್ಲಿ ಎಷ್ಟು, 2,500ರಲ್ಲಿ ಎಷ್ಟು, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯಿತು. ಕೆಟ್ಟ ದಿನ ಹೋಲಿಸಲು ಅದೊಂದೇ ಆಧಾರ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಮೂರು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ಕಲಿತದ್ದೂ ಸೊನ್ನೆ. ಮೆಕ್ಯಾನಿಕ್ ಹತ್ತಿರ ಹೋಗುವುದಾದರೆ 'ಏನೋ ಆಗಿದೆ ನೋಡು' ಅನ್ನಬೇಡ, ಆ ಪುಟ ತೋರಿಸು. ಏನೇನು ಬಿಚ್ಚಿದೆ, ಎಲ್ಲಿ ವಯರು ತಪ್ಪಾಗಿ ತಾಗಿಸಿದೆ, ಅದನ್ನೂ ಮುಚ್ಚಿಡದೆ ಹೇಳು. ವೈದ್ಯನ ಹತ್ತಿರ, ಮೆಕ್ಯಾನಿಕ್ ಹತ್ತಿರ ಸುಳ್ಳು ಹೇಳಿದವನು ತನಗೇ ಸುಳ್ಳು ಹೇಳಿಕೊಂಡಂತೆ.

ನಿನಗೆ ಕೈಯಲ್ಲಿ ಕಸುಬಿದೆ ಮಗಾ, ತಲೆಯೂ ಚುರುಕು. ಇರಬೇಕಾದ ಇನ್ನೊಂದು ಸಂಗತಿ ನಿಧಾನ. ಯೂಟ್ಯೂಬಿನಲ್ಲಿ ಯಾರೋ ಸ್ಟೇಟರ್ ಬದಲಿಸಿದ್ದನ್ನು ನೋಡಿ ನೀನೂ ಬದಲಿಸಹೊರಟರೆ, ಅವನ ದೋಣಿಯ ಕಾಯಿಲೆಗೆ ನಿನ್ನ ದೋಣಿ ಔಷಧಿ ಕುಡಿದ ಹಾಗಾಗುತ್ತದೆ. ಅಂದಾಜು ಮಾಡುವುದು ತಪ್ಪಲ್ಲ, ಆದರೆ ಅಂದಾಜಿಗೆ ದುಡ್ಡು ಸುರಿಯುವ ಮೊದಲು ಅದನ್ನು ಮೀಟರಿನ ಮುಂದೆ ನಿಲ್ಲಿಸು.

ಇಷ್ಟು ಕೊರೆಯುವುದಕ್ಕೆ ದುಡ್ಡೊಂದೇ ಕಾರಣ ಅಂದುಕೊಳ್ಳಬೇಡ. ದಕ್ಕೆಯಲ್ಲಿ ಎಂಜಿನ್ ಏಳದಿದ್ದರೆ ಬಾಡಿಗೆ ಹೋಗುತ್ತದೆ, ಅಷ್ಟೇ. ಅಳಿವೆ ಬಾಗಿಲಿನಲ್ಲಿ, ಇಳಿತದ ಸೆಳೆತಕ್ಕೆ ಅಲೆ ಎದುರಾಗಿ ಒಡೆಯುವ ಜಾಗದಲ್ಲಿ ಎಂಜಿನ್ ನಿಂತು, ಆಮೇಲೆ ಸೆಲ್ಫ್ ಹೊಡೆಯದಿದ್ದರೆ ದೋಣಿ ಅಡ್ಡ ತಿರುಗುತ್ತದೆ. ಆಗ ನೋಟ್‌ಬುಕ್ಕೂ ಉಪಯೋಗಕ್ಕೆ ಬಾರದು, ಮೀಟರೂ ಬಾರದು. ಕೈಯಲ್ಲಿ ಸ್ಟಾರ್ಟ್ ಮಾಡಬಹುದಾದ ಎಂಜಿನ್ ಆಗಿದ್ದರೆ ತುರ್ತಿನ ಹಗ್ಗ ದೋಣಿಯಲ್ಲೇ ಇರಲಿ, ಅದನ್ನು ಸುತ್ತಿ ಎಳೆಯುವುದನ್ನು ಶಾಂತ ನೀರಿನಲ್ಲಿ ಮೊದಲೇ ಕಲಿತಿಟ್ಟುಕೊ. ಇಂಧನವನ್ನು ಕಂಪ್ಯೂಟರ್ ಚಿಮ್ಮಿಸುವ ಹೊಸ ಎಂಜಿನ್‌ಗಳಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಹಗ್ಗ ಎಳೆದರೂ ಏಳದಿರಬಹುದು. ಹಾಗಾಗಿ ಲಂಗರು, ಹುಟ್ಟು, ಲೈಫ್ ಜಾಕೆಟ್ ಯಾವತ್ತೂ ತಪ್ಪಬಾರದು.

ನಿನ್ನ ದೋಣಿ ಹತ್ತುವವರು ಬ್ಯಾಟರಿಯ ವೋಲ್ಟು ಕೇಳುವುದಿಲ್ಲ. ಮಕ್ಕಳನ್ನು ಎತ್ತಿ ನಿನ್ನ ಕೈಗೆ ಕೊಟ್ಟು ಹತ್ತುತ್ತಾರೆ. ಅವರ ಪರವಾಗಿ ಕೇಳಬೇಕಾದವನು ನೀನು. ಬೆಳಿಗ್ಗೆ ಮೀಟರಿನಲ್ಲಿ 12.2 ಕಂಡ ದಿನ ಯಾರು ಎಷ್ಟು ಕೊಡುತ್ತೇನೆಂದರೂ ಅಳಿವೆ ದಾಟಬೇಡ. ಇವತ್ತಿನ ಬಾಡಿಗೆ ನಾಳೆಯೂ ಸಿಗುತ್ತದೆ. 'ಇವತ್ತು ಆಗುವುದಿಲ್ಲ' ಅನ್ನುವ ಧೈರ್ಯ ಇರುವವನ ದೋಣಿಗೇ ಜನ ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತಾರೆ.